ಮುಗಿಯದ ತಪ್ಪೊಪ್ಪೋಲೆ

ಹಳೆಯ ಓಲೆಗರಿಯ ಗ್ರಂಥಗಳ ಕಡೆಯಲ್ಲಿ ಲಿಪಿಕಾರನು ತನ್ನ ಕೈತಪ್ಪುಗಳನ್ನು ಮನ್ನಿಸಿ, ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಳ್ಳುವ ಸಂಪ್ರದಾಯವು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದುದಾಗಿದೆ. ಅಚ್ಚುಕೂಟಗಳು ಬಂದ ಬಳಿಕ ಆ ಬಿನ್ನಹವು ತಪ್ಪೊಪ್ಪೋಲೆಯೆಂಬ ಬೇರೊಂದು ರೂಪವನ್ನು ತಾಳಿತು. ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವು ಆರಂಭವಾದಂದಿನಿಂದ ಕರಾವಳಿಯ ವಾಚಕರು ಪುಸ್ತಕದ ಮೊದಲಲ್ಲಿಯೋ ಕಡೆಯಲ್ಲಿಯೋ ಅಂಟಿಕೊಂಡಿರುವ ಆ ಹಾಳೆಯನ್ನು ಕಾಣುತ್ತಲೇ ಬಂದಿರುವರು. ಇಂತಿಷ್ಟನೆಯ ಪುಟದ ಇಂತಿಷ್ಟನೆಯ ಸಾಲಿನಲ್ಲಿ ಇಂತಹ ಅಕ್ಷರದ ಬದಲಾಗಿ ಇಂತಹುದನ್ನು ಓದತಕ್ಕದ್ದು, ಎಂದಷ್ಟೇ ಅದರ ವಿಷಯ. ಅದು ಒಮ್ಮೆ ಅಚ್ಚಾಯಿತೆಂದರೆ ಮುಗಿಯಿತು. ಅನಂತರ ಕಂಡ ತಪ್ಪುಗಳು ಓದಿದವನ ಮನಸ್ಸಿನಲ್ಲಿಯೇ ಉಳಿಯುವುವು.

ಗಣಕಯಂತ್ರಗಳಿಗಾಗಿ ಬರೆಯಲ್ಪಡುವ ತಂತ್ರಾಂಶದ ಸ್ಥಿತಿಯು ಹಾಗಲ್ಲ. ಅದು ಎಂದಿಗೂ ಪೂರ್ತಿಯಾಗದ ಗ್ರಂಥ. ಅದರ ತಪ್ಪೊಪ್ಪೋಲೆಯೂ ಎಂದಿಗೂ ಮುಗಿಯದು. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದಲ್ಲಿಯಂತೂ ಆ ಓಲೆಯು ಲೋಕದ ಮುಂದೆ ಹಗಲಿರುಳೂ ಬಿಚ್ಚಿಟ್ಟಿರುವುದು. ಅದನ್ನು ಬರೆಯುವವರು, ವಿಂಗಡಿಸುವವರು, ತಿದ್ದುವವರು ಬಹುಮಟ್ಟಿಗೆ ಸಂಬಳವಿಲ್ಲದ ಸಂಸಾರಿಗಳು. ಈ ಪದ್ಧತಿಯು ಹೇಗೆ ಹುಟ್ಟಿತು, ಕನ್ನಡಕ್ಕೆ ಅದರಿಂದ ಒದಗಿದ್ದೇನು, ಒದಗದೆ ಹೋದದ್ದೇನು ಎಂಬುದು ವಿಚಾರಾರ್ಹವಾದ ಚರಿತ್ರೆಯಾಗಿದೆ.

ತಂತ್ರಾಂಶದ ದೋಷಕ್ಕೆ ಲೋಕವೆಲ್ಲ 'ಬಗ್' ಎನ್ನುವುದು, ಎಂದರೆ ಹುಳು. ಈ ಹೆಸರಿನ ಹುಟ್ಟನ್ನು ಕುರಿತು ಒಂದು ಕಥೆಯು ಪ್ರಚಾರದಲ್ಲಿದೆ. ಅಮೆರಿಕದ ಹಾರ್ವರ್ಡಿನಲ್ಲಿ 'ಮಾರ್ಕ್ 2' ಎಂಬ ಗಣಕವು ಕೆಟ್ಟುನಿಂತಾಗ ಅದರ ರಿಲೇ ಒಂದರಲ್ಲಿ ಪತಂಗವು ಸಿಕ್ಕಿಬಿದ್ದಿತ್ತು; ಗ್ರೇಸ್ ಹಾಪರ್ ಎಂಬ ವಿದುಷಿಯು ಅದನ್ನು ಹೊರತೆಗೆದಳು; ಅಂದಿನಿಂದ ದೋಷಕ್ಕೆ ಹುಳುವೆಂಬ ಹೆಸರಾಯಿತು, ಎಂಬುದು ಆ ಕಥೆ. ಪತಂಗವು ಸಿಕ್ಕಿದುದು ದಿಟ. 1947ರ ಸಪ್ಟೆಂಬರ್ 9ರಂದು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿದರು. ಆ ಪುಟವು ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ನಿಜವಾದ ಹುಳುವೇ ಸಿಕ್ಕಿತೆಂದು ಅಲ್ಲಿ ವಿನೋದವಾಗಿ ಬರೆದಿರುವುದರಿಂದಲೇ ಆ ಶಬ್ದವು ಮೊದಲೇ ಬಳಕೆಯಲ್ಲಿತ್ತೆಂದು ಸಿದ್ಧವಾಗುವುದು. 1878ರ ತನ್ನ ಪತ್ರಗಳಲ್ಲಿಯೇ ಎಡಿಸನ್ನನು ಯಂತ್ರದೋಷಗಳನ್ನು ಆ ಹೆಸರಿನಿಂದ ಕರೆದಿರುವನು. ಹಾಪರಳು ಕಥೆಯನ್ನು ಸೊಗಸಾಗಿ ಹೇಳಿ ಹಬ್ಬಿಸಿದವಳು; ಹುಳುವನ್ನು ಹಿಡಿದವರು ಅವಳ ಸಂಗಡಿಗರು. ದೋಷಗಳ ಚರಿತ್ರೆಯೇ ಒಂದು ದೋಷದಿಂದ ಆರಂಭವಾಗುವುದು ತಕ್ಕುದೇ ಆಗಿದೆ.

ದೋಷಗಳನ್ನು ಗೌರವದಿಂದ ಬರೆದಿಡುವ ಕ್ರಮಕ್ಕೆ ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿದವರಲ್ಲಿ ಡೊನಾಲ್ಡ್ ಕ್ನೂತ್ ಎಂಬ ಪಂಡಿತನು ಮುಖ್ಯನು. ಅಕ್ಷರ ಜೋಡಣೆಗಾಗಿ ಆತನು 1977ರ ಸುಮಾರಿಗೆ ತೊಡಗಿ ರಚಿಸಿದ 'ಟೆಕ್' ಎಂಬ ತಂತ್ರಾಂಶದಲ್ಲಿ ತನ್ನ ಕೈಯಿಂದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಪಟ್ಟಿಮಾಡಿ 1989ರಲ್ಲಿ ಪ್ರಕಟಿಸಿದನು. ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ಕನ್ನು ಕಳುಹಿಸುವುದು 2008ರವರೆಗೆ ಆತನ ಪದ್ಧತಿಯಾಗಿತ್ತು. ಪಡೆದವರು ಅದನ್ನು ಬ್ಯಾಂಕಿಗೆ ಕೊಂಡೊಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದುದೇ ಹೆಚ್ಚು. ಆದರೆ ಇದು ಒಬ್ಬ ಗ್ರಂಥಕರ್ತನ ಸೌಜನ್ಯ. ಊರೂರಿನ ನೂರಾರು ಜನರು ಕೂಡಿ ಒಂದನ್ನೇ ಕಟ್ಟುವಲ್ಲಿ ಸೌಜನ್ಯ ಸಾಲದು, ದಫ್ತರವೂ ಬೇಕು.

ರಿಚರ್ಡ್ ಸ್ಟಾಲ್ಮನ್ನನು 1983ರಲ್ಲಿ ಗ್ನು ಯೋಜನೆಯನ್ನು ಸಾರಿದನು; 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸನು ಲಿನಕ್ಸನ್ನು ಹೊರತಂದನು. ಆ ಕಾಲದಲ್ಲಿ ದೋಷವನ್ನು ಕಂಡವರು ಕಾಗದ ಬರೆದಂತೆ ವಿದ್ಯುದಂಚೆಯಲ್ಲಿ ಬರೆದು ತಿಳಿಸುತ್ತಿದ್ದರು; ಅನೇಕವು ಕಳೆದುಹೋಗುತ್ತಿದ್ದುವು. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ತರುಣನು ಡೆಬಿಯನ್ ಎಂಬ ವಿತರಣೆಯನ್ನು ಆರಂಭಿಸಿದನು. ಆತನು ತನ್ನ ಪ್ರೇಯಸಿ ಡೆಬ್ರಾಳ ಹೆಸರಿನ ಮೊದಲ ಭಾಗಕ್ಕೆ ತನ್ನ ಹೆಸರನ್ನು ಸೇರಿಸಿ ಆ ಹೆಸರನ್ನು ಕಟ್ಟಿದನು. ಆಕೆ ಮುಂದೆ ಆತನ ಪತ್ನಿಯಾದಳು. ಬಹುಕಾಲದ ಮೇಲೆ ದಾಂಪತ್ಯವು ಮುರಿಯಿತು. 2015ರಲ್ಲಿ ಆತನೂ ಕಾಲವಾದನು. ಹೆಸರು ಮಾತ್ರ ಲಕ್ಷಾಂತರ ಯಂತ್ರಗಳಲ್ಲಿ ಉಳಿದುಕೊಂಡಿದೆ. 1994ರಲ್ಲಿ ಇಯಾನ್ ಜ್ಯಾಕ್ಸನ್ ಎಂಬವನು ಆ ಡೆಬಿಯನ್ನಿಗಾಗಿ ದೋಷಗಳ ದಫ್ತರವನ್ನು ರಚಿಸಿದನು. ಬಂದ ದೂರಿಗೊಂದು ಸಂಖ್ಯೆ. ಆ ಸಂಖ್ಯೆಯಡಿಯಲ್ಲಿ ಸಕಲ ಪತ್ರವ್ಯವಹಾರ. ಎಲ್ಲರೂ ನೋಡಲಾಗುವಂತೆ ಬಹಿರಂಗ. ದೋಷಗಳನ್ನು ಮುಚ್ಚಿಡುವುದಿಲ್ಲವೆಂದು ಡೆಬಿಯನ್ 1997ರಲ್ಲಿ ತನ್ನ ಸಾಮಾಜಿಕ ಕರಾರಿನಲ್ಲಿಯೇ ಒಪ್ಪಿಕೊಂಡಿತು. ಆ ದಫ್ತರದ ಸಂಖ್ಯೆಗಳು ಹತ್ತು ಲಕ್ಷವನ್ನು ದಾಟಿರುವುವು. 1998ರಲ್ಲಿ ಮೊಜಿಲ್ಲದವರಿಗಾಗಿ ಟೆರಿ ವೈಸ್ಮನ್ನನು ರಚಿಸಿದ 'ಬಗ್‌ಜಿಲ್ಲ' ಎಂಬುದು ಇಂತಹ ದಫ್ತರಗಳಿಗೆ ಮಾದರಿಯಾಗಿ ಲೋಕದಲ್ಲೆಲ್ಲ ಹರಡಿತು.

ದೂರುಗಳು ಸಾವಿರಗಟ್ಟಲೆ ಬರತೊಡಗಿದಾಗ ತಿದ್ದುವುದಕ್ಕಿಂತ ಮುಂಚಿನ ಕೆಲಸವೊಂದು ಪ್ರತ್ಯೇಕವಾಗಿ ಹುಟ್ಟಿಕೊಂಡಿತು. ಅದನ್ನು 'ಟ್ರಿಯಾಜ್' ಎನ್ನುವರು. ನೆಪೋಲಿಯನ್ನನ ದಂಡಿನ ವೈದ್ಯ ಲಾರೆಯು ಗಾಯಾಳುಗಳನ್ನು ಪದವಿಯಂತೆ ನೋಡದೆ ಗಾಯದ ತೀವ್ರತೆಯಂತೆ ವಿಂಗಡಿಸಿದುದನ್ನು ಈ ಶಬ್ದದೊಡನೆ ಹೇಳುವುದುಂಟು. ಆದರೆ ಶಬ್ದವು ದಂಡಿನದಲ್ಲ, ಅಂಗಡಿಯದು. ಫ್ರೆಂಚರಲ್ಲಿ ಆರಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿ, ಮೊದಲು ಉಣ್ಣೆಯನ್ನೂ ಕಾಫಿಬೀಜವನ್ನೂ ವಿಂಗಡಿಸುವುದಕ್ಕೆ ಸಂದದ್ದು. ಒಡಕು ಕಾಫಿಬೀಜದ ತರಗತಿಗೆ ಕಾಫಿಯ ವ್ಯಾಪಾರದಲ್ಲಿ ಇದೇ ಹೆಸರು ಸಲ್ಲುವುದು.

ಘಟ್ಟದ ಕೆಳಗಿನವರಿಗಾದರೆ ಕಾಫಿಯವರೆಗೆ ಹೋಗಬೇಕಾಗಿಲ್ಲ. ಮಂಗಳೂರಿನಿಂದ ಸುಬ್ರಹ್ಮಣ್ಯದತ್ತ ಸಾಗುವ ರೈಲುದಾರಿಯಲ್ಲಿ ಕಡಬದ ಬಳಿ ಕೋಡಿಂಬಾಳವೆಂಬ ಊರುಂಟು. ಅಲ್ಲಿಯೂ, ಪುತ್ತೂರು ಸುಳ್ಯಗಳ ಸೀಮೆಯಲ್ಲೆಲ್ಲಿಯೂ, ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿದು ಜಗಲಿಯಲ್ಲಿ ಹರಡಿಕೊಂಡು ಕುಟುಂಬವೇ ಸುತ್ತ ಕುಳಿತು ವಿಂಗಡಿಸುವುದು ವರ್ಷವರ್ಷದ ನೋಟ. ಒಳ್ಳೆಯ ಚಾಲಿ ಒಂದು ಕಡೆ. ಪಟೋರ, ಉಳ್ಳಿ, ಕರಿಗೋಟು ಇನ್ನೊಂದು ಕಡೆ. ಮುದುಕಿಯ ಬೆರಳಿಗೆ ತಾಕಿದ ಕೂಡಲೆ ತಿಳಿಯುವುದು ಮೊಮ್ಮಗನಿಗೆ ಬೆಳಕಿಗೆ ಹಿಡಿದು ತಿರುಗಿಸಿದರೂ ತಿಳಿಯದು. 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಹಕಾರ ಸಂಸ್ಥೆಗಾಗಲಿ ಪೇಟೆಯ ವ್ಯಾಪಾರಿಗಾಗಲಿ ಕೊಡುವಾಗ ಈ ವಿಂಗಡಣೆಯ ಮೇಲೆಯೇ ಧಾರಣೆ ನಿಲ್ಲುವುದು. ಬೆಳೆದವನ ಶ್ರಮ ಎಷ್ಟೇ ಇರಲಿ, ಆರಿಸಿದವನ ಕಣ್ಣು ತಪ್ಪಿದರೆ ನಷ್ಟವೇ ಸರಿ.

ದೋಷಗಳ ವಿಂಗಡಣೆಯೂ ಇದೇ ಬಗೆಯದು. ಬಂದ ದೂರು ನಿಜವಾದ ದೋಷವೋ ಬಳಸಿದವನ ತಪ್ಪು ತಿಳಿವಳಿಕೆಯೋ. ಹೊಸದೋ ಮತ್ತೊಬ್ಬನು ಆಗಲೇ ಹೇಳಿದ್ದೋ. ಮತ್ತೊಂದು ಯಂತ್ರದಲ್ಲಿಯೂ ಹಾಗೆಯೇ ತೋರುವುದೋ ಇಲ್ಲವೋ. ಯಾರ ಕೈಗೆ ಒಪ್ಪಿಸತಕ್ಕದ್ದು. ಎಷ್ಟು ತೀವ್ರವಾದದ್ದು, ಎಂದು ಒಂದೊಂದನ್ನೂ ನೋಡಬೇಕು. ಡೆಬಿಯನ್ನಿನಲ್ಲಿ ಈ ತೀವ್ರತೆಗೆ ಏಳು ಮೆಟ್ಟಲುಗಳಿವೆ. ಅತಿ ಘೋರವಾದದ್ದು ಮೇಲೆ, ಬರಿಯ ಬಯಕೆ ಕೆಳಗೆ. 'ಕನ್ನಡ ಸರಿಯಾಗಿ ಕಾಣುವುದಿಲ್ಲ' ಎಂದಿಷ್ಟೇ ಬರೆದರೆ ಅದು ದೂರಲ್ಲ, ನಿಟ್ಟುಸಿರು. ಯಾವ ತಂತ್ರಾಂಶದ ಯಾವ ಆವೃತ್ತಿ, ಯಾವ ಅಕ್ಷರಮಾದರಿ, ಯಾವ ಶಬ್ದ, ಏನು ಕಾಣಬೇಕಾಗಿತ್ತು, ಏನು ಕಂಡಿತು ಎಂಬಿಷ್ಟನ್ನೂ ಹೇಳಿದರೆ ಅರ್ಧ ತಿದ್ದಿದಂತೆಯೇ ಸರಿ. ಈ ಕೆಲಸಕ್ಕೆ ಕೀರ್ತಿಯಿಲ್ಲ. ಹೊಸದನ್ನು ಕಟ್ಟಿದವನ ಹೆಸರು ಉಳಿಯುವುದು. ಸಾವಿರ ದೂರುಗಳನ್ನೋದಿ ಆರುನೂರನ್ನು ಪುನರುಕ್ತವೆಂದು ಮುಚ್ಚಿದವನನ್ನು ಯಾರೂ ನೆನೆಯರು.

ಕನ್ನಡಕ್ಕೆ ಸಂಬಂಧಿಸಿದ ದೋಷಗಳಲ್ಲಿ ಅತ್ಯಂತ ವಿಚಿತ್ರವಾದುದು ೞಕಾರದ ಹೆಸರಿನದು. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯನ್ನು ಮಾಡುವ ಯುನಿಕೋಡಿನ ಮೊದಲನೆಯ ಆವೃತ್ತಿಯು 1991ರಲ್ಲಿ ಬಂದಾಗ ಕನ್ನಡವೂ ಅದರಲ್ಲಿ ಸೇರಿತು. ಹಳಗನ್ನಡದ ಈ ಅಕ್ಷರಕ್ಕೂ ಅಲ್ಲಿ ಸ್ಥಾನ ದೊರೆಯಿತು. 13ನೆಯ ಶತಮಾನದ ಕೇಶಿರಾಜನು ಇದರ ವಿಷಯದಲ್ಲಿ ಎಷ್ಟೊಂದು ಎಚ್ಚರದಿಂದ ವಿವರಿಸಿರುವನು! ಆದರೂ ಯುನಿಕೋಡಿನ ಪಟ್ಟಿಯಲ್ಲಿ ಇದಕ್ಕೆ ಬಿದ್ದ ಹೆಸರು 'ಫ' ಎಂದು. ೞಕಾರಕ್ಕೂ ಫಕಾರಕ್ಕೂ ಏನೂ ನಂಟಿಲ್ಲ. ತಪ್ಪು ತಿಳಿದುಬಂದ ಮೇಲೆಯೂ ತಿದ್ದುವಂತಿಲ್ಲ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಯುನಿಕೋಡಿನ ಸ್ಥಿರನಿಯಮ. ಹೆಸರನ್ನು ನೆಚ್ಚಿ ನಡೆಯುವ ತಂತ್ರಾಂಶಗಳು ಕೆಡಬಾರದೆಂಬುದೇ ಅದಕ್ಕೆ ಕಾರಣ. ಹೀಗಾಗಿ ಸರಿಯಾದ ಹೆಸರನ್ನು ಬೇರೊಂದು ಪಟ್ಟಿಯಲ್ಲಿ ತಿದ್ದುಪಡಿಯ ಪರ್ಯಾಯನಾಮವೆಂದು ದಾಖಲಿಸಿರುವರು. ಇದು ಅಕ್ಷರಶಃ ತಪ್ಪೊಪ್ಪೋಲೆ. ಮೂಲವು ತಪ್ಪಾಗಿಯೇ ಉಳಿಯುವುದು.

ಎರಡನೆಯದು ಅರ್ಕಾವೊತ್ತಿನದು. 'ಸೂರ್ಯ' ಎಂಬಲ್ಲಿ ರಕಾರವು ಮುಂದಿನ ವ್ಯಂಜನದ ಬಲಕ್ಕೆ ಒತ್ತಾಗಿ ಹಾರುವುದು. 'ರ‍್ಯಾಂಕ್' ಎಂಬಲ್ಲಿ ರಕಾರವು ತನ್ನ ನೆಲೆಯಲ್ಲಿಯೇ ನಿಂತು ಯಕಾರವು ಕೆಳಗೆ ಒತ್ತಾಗುವುದು. ಕಿವಿಗೆ ಎರಡೂ ರಕಾರ ಯಕಾರಗಳೇ. ಅಚ್ಚಿನ ಮೊಳೆ ಜೋಡಿಸುವವನು ಕೈಯಿಂದಲೇ ಈ ಭೇದವನ್ನು ಮಾಡುತ್ತಿದ್ದನು. ಯಂತ್ರಕ್ಕಾದರೋ ನಿಯಮ ಬೇಕು. ರಕಾರಕ್ಕೂ ಅರ್ಧಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದನ್ನು ಇಡತಕ್ಕದ್ದೆಂದು ನಿರ್ಣಯವಾಗಿದೆ. ಆದರೆ ನಿರ್ಣಯವಾದ ಮಾತ್ರಕ್ಕೆ ಪ್ರಯೋಜನವಿಲ್ಲ. ಅಕ್ಷರಗಳನ್ನು ತೆರೆಯ ಮೇಲೆ ರೂಪಿಸುವ ಎಂಜಿನು ಅದನ್ನು ಅರಿತಿರಬೇಕು. 2000ದ ದಶಕದಲ್ಲಿ ಮುಕ್ತ ತಂತ್ರಾಂಶದ ಲೋಕದಲ್ಲಿ ಇಂತಹ ಎಂಜಿನುಗಳು ಹಲವಿದ್ದುವು. ಪ್ಯಾಂಗೊ ಎಂಬುದು ಗ್ನೋಮ್ ಬಳಗದ್ದು, ಕ್ಯೂಟಿ ಎಂಬುದು ಕೆಡಿಇ ಬಳಗದ್ದು, ಓಪನ್ ಆಫೀಸಿಗೆ ಐಸಿಯು ಎಂಬ ಮತ್ತೊಂದು. ಆದುದರಿಂದ ಒಂದೇ ಶಬ್ದವು ಒಂದು ತಂತ್ರಾಂಶದಲ್ಲಿ ಸರಿಯಾಗಿಯೂ ಮತ್ತೊಂದರಲ್ಲಿ ಮುರುಕಾಗಿಯೂ ಕಾಣುತ್ತಿತ್ತು. ಅದೇ ದೂರನ್ನು ಮೂರು ದಫ್ತರಗಳಲ್ಲಿ ಮೂರು ಸಲ ಬರೆಯಬೇಕಾಗುತ್ತಿತ್ತು. ಹಾರ್ಫ್‌ಬಜ್ ಎಂಬ ಒಂದೇ ಎಂಜಿನು ಕ್ರಮಕ್ರಮವಾಗಿ ಅವುಗಳ ಸ್ಥಾನಕ್ಕೆ ಬಂದ ಮೇಲೆ ಈ ತೊಂದರೆ ಬಹುಪಾಲು ಕಡಮೆಯಾಯಿತು. ಫೈರ್‌ಫಾಕ್ಸಿನಲ್ಲಿಯೂ ಕ್ರೋಮಿನಲ್ಲಿಯೂ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಕನ್ನಡದ ಒತ್ತನ್ನು ಕೂಡಿಸುತ್ತಿರುವುದು ಅದೇ.

ಕರಾವಳಿಯವರ ಪಾಲು ಈ ಚರಿತ್ರೆಯಲ್ಲಿ ಅಲ್ಪವಾದುದಲ್ಲ. ಮಂಗಳೂರ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಉಚ್ಚಾರವನ್ನನುಸರಿಸಿದ ಕೀಲಿಮಣೆಯ ವಿನ್ಯಾಸವನ್ನು ಮಾಡಿ, ತಮ್ಮ ತಂತ್ರಾಂಶಕ್ಕೆ ಈ ಜಿಲ್ಲೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟರು. ಶಬ್ದದ ಒಂದು ಮಾತ್ರೆಯ ದೋಷವನ್ನೂ ಸಹಿಸದಿದ್ದ ಪಂಡಿತರ ಹೆಸರು ಅಕ್ಷರ ಮೂಡಿಸುವ ತಂತ್ರಾಂಶಕ್ಕೆ ಸಂದುದು ಒಪ್ಪಿತವಾಗಿದೆ. ಡಾ. ಯು. ಬಿ. ಪವನಜರು 1996ರಲ್ಲಿ 'ವಿಶ್ವ ಕನ್ನಡ'ವನ್ನು ಅಂತರಜಾಲದಲ್ಲಿ ಹೊರಡಿಸಿದರು. 2003ರಲ್ಲಿ ಕನ್ನಡ ವಿಕಿಪೀಡಿಯವೂ 2016ರಲ್ಲಿ ತುಳು ವಿಕಿಪೀಡಿಯವೂ ತೆರೆದುವು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಮಾದರಿಗಳು ಡೆಬಿಯನ್ನಿನ ಭಂಡಾರದಲ್ಲಿ ಸೇರಿರುವುವು. ಉಚಿತವಾದುದೂ ಮುಕ್ತವಾದುದೂ ಒಂದೇ ಅಲ್ಲವೆಂಬುದನ್ನು ಇಲ್ಲಿ ನೆನಪಿಡತಕ್ಕದ್ದು. ಬೆಲೆಯಿಲ್ಲದೆ ದೊರೆತರೂ ಒಳಗನ್ನು ನೋಡಗೊಡದ ತಂತ್ರಾಂಶದಲ್ಲಿ ದೋಷವನ್ನು ಕಂಡವನು ಬೇಡಿಕೊಳ್ಳಬಲ್ಲನೇ ಹೊರತು ತಿದ್ದಲಾರನು. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಒಂದಕ್ಷರವು ಬಂದೊಡನೆ ಆಪಲ್ ದೂರವಾಣಿಗಳಲ್ಲಿ ತಂತ್ರಾಂಶಗಳು ಕುಸಿದುಬಿದ್ದುವು. ಕಂಪೆನಿಯು ಹೊಸ ಆವೃತ್ತಿಯನ್ನು ಕೊಡುವವರೆಗೆ ಕಾಯುವುದೊಂದೇ ಬಳಸುವವರಿಗೆ ಉಳಿದಿದ್ದ ದಾರಿ.

ಹಾಗೆಂದು ಮುಕ್ತ ದಫ್ತರದಲ್ಲಿ ಸಣ್ಣ ಭಾಷೆಗಳಿಗೆ ನ್ಯಾಯವು ತಾನಾಗಿ ದೊರೆಯುವುದೆಂದು ಭಾವಿಸಬಾರದು. ದಫ್ತರದ ಭಾಷೆ ಇಂಗ್ಲಿಷು. ಫೋನಿನಲ್ಲಿ ಬಂದ ಮೊಮ್ಮಗಳ ಸಂದೇಶದಲ್ಲಿ ಒತ್ತಕ್ಷರವು ಬೇರೆಯಾಗಿ, ಕೊಂಬು ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ನಿಂತಿದ್ದರೆ, ಕೋಡಿಂಬಾಳದ ಅಜ್ಜಿಯು ಅದನ್ನು ತನ್ನ ಕಣ್ಣಿನ ದೋಷವೆಂದೇ ಎಣಿಸುವಳು, ದೂರನ್ನು ಬರೆಯಳು. ಕನ್ನಡವನ್ನೇ ನೆಚ್ಚಿ ಯಂತ್ರವನ್ನು ಬಳಸುವವರು ದೂರು ಕೊಡಲಾರರು. ದೂರು ಕೊಡಬಲ್ಲವರು ಯಂತ್ರವನ್ನು ಇಂಗ್ಲಿಷಿನಲ್ಲಿಟ್ಟುಕೊಂಡು ದೋಷವನ್ನೇ ಕಾಣರು. ವಿಂಗಡಿಸುವವನು ಎಷ್ಟು ಮಂದಿಗೆ ತೊಂದರೆಯಾಗಿದೆಯೆಂದು ಎಣಿಸುವಾಗ ಒಂದೇ ದೂರಿದ್ದರೆ ಅದು ಕೆಳಗಿನ ಮೆಟ್ಟಲಿಗೆ ಇಳಿಯುವುದು. ಫೆಡೋರ ಎಂಬ ವಿತರಣೆಯಲ್ಲಿ ಒಂದೊಂದು ಆವೃತ್ತಿಯ ಆಯುಸ್ಸು ಸುಮಾರು 13 ತಿಂಗಳು. ಅದು ತೀರಿದೊಡನೆ ಆ ಆವೃತ್ತಿಯ ಮೇಲೆ ಉಳಿದ ದೂರುಗಳು ತಾವಾಗಿ ಮುಚ್ಚಲ್ಪಡುವುವು. ದೋಷವು ತೀರಿದುದರಿಂದಲ್ಲ, ಕಾಲವು ತೀರಿದುದರಿಂದ. ಮೇಲಾಗಿ ತಂತಿಯ ಸಂಪರ್ಕವೇ ಎಲ್ಲೆಡೆ ಸಿಕ್ಕದು. 2021ರ ಜೂನ್ ತಿಂಗಳಲ್ಲಿ, ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಸುಳ್ಯ ತಾಲೂಕಿನ ಹಳ್ಳಿಯೊಂದರ ದಾರಿಯ ಬದಿಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಜಡಿಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ಕಂಡಿತು. ಮನೆಯೊಳಗೆ ಸಂಪರ್ಕ ದೊರೆಯದುದೇ ಅದಕ್ಕೆ ಕಾರಣ.

ಆ ಕೊಡೆಯೇ ಈ ಚರಿತ್ರೆಯ ಮತ್ತೊಂದು ಮುಖ. ದೋಷಗಳನ್ನು ವಿಂಗಡಿಸುವವನ ಹಿಂದೆಯೂ ಯಾರೋ ಒಬ್ಬರು ಕೊಡೆ ಹಿಡಿದಿರುವರು. ಹಗಲಿನ ಉದ್ಯೋಗವು ಮುಗಿದು, ಮಕ್ಕಳು ಮಲಗಿ, ಊಟದ ಬಟ್ಟಲುಗಳು ತೊಳೆದಾದ ಮೇಲೆ ಈ ಕೆಲಸಕ್ಕೆ ಹೊತ್ತು. ತೊಳೆದವರಾರು ಎಂಬುದನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. 'ಇದೊಂದನ್ನು ನೋಡಿ ಬಂದೆ' ಎಂದವನು ಬರುವಾಗ ಮನೆಮಂದಿಯೆಲ್ಲ ನಿದ್ದೆಹೋಗಿರುವರು. ಡೆಬಿಯನ್ನಿನವರು ಆಗಾಗ ಒಂದೆಡೆ ಸೇರಿ, ಒಟ್ಟಿಗೆ ಉಂಡು, ರಾಶಿಬಿದ್ದ ದೋಷಗಳನ್ನು ತೀರಿಸುವ ಕೂಟಗಳನ್ನು ನಡೆಸುವುದುಂಟು. ಮುಯ್ಯಾಳಿನ ಪದ್ಧತಿಯನ್ನು ಬಲ್ಲ ಒಕ್ಕಲುಮನೆಗಳಿಗೆ ಇದು ಹೊಸತೆನಿಸದು. ಆದರೆ ಮುಯ್ಯಿಯಲ್ಲಿ ಇಂದು ಬಂದವನ ಗದ್ದೆಗೆ ನಾಳೆ ಹೋಗುವುದುಂಟು. ಇಲ್ಲಿ ಫಲವನ್ನು ಉಂಡವರಲ್ಲಿ ಮರಳಿ ಬರುವವರು ಬಹು ವಿರಳ.

ಇದರ ಬೆಲೆಯೇನೆಂಬುದು 2024ರಲ್ಲಿ ಲೋಕಕ್ಕೆ ತಿಳಿದುಬಂದಿತು. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜೆಡ್' ಎಂಬ ಸಣ್ಣ ತಂತ್ರಾಂಶವನ್ನು ಫಿನ್ಲೆಂಡಿನ ಲಾಸೆ ಕಾಲಿನ್ ಎಂಬಾತನು ಬಹುಕಾಲದಿಂದ ಹೆಚ್ಚುಕಡಮೆ ಒಬ್ಬನೇ ಪಾಲಿಸಿಕೊಂಡು ಬಂದಿದ್ದನು. ಲಿನಕ್ಸ್ ಯಂತ್ರಗಳಲ್ಲಿ ಬಹುತೇಕ ಎಲ್ಲೆಡೆ ಅದರ ಬಳಕೆಯುಂಟು. 2022ರಲ್ಲಿ ಕೆಲವರು ದೂರುಗಳಿಗೆ ಉತ್ತರ ತಡವಾಯಿತೆಂದು ಬಹಿರಂಗವಾಗಿ ಛೇಡಿಸಿದಾಗ ಆತನು, ತನಗೆ ಬಹುದಿನದಿಂದ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಬರೆದನು. ಆ ಹೊತ್ತಿನಲ್ಲಿ ನೆರವಾಗಲು ಜಿಯಾ ಟಾನ್ ಎಂಬ ಹೆಸರಿನವನೊಬ್ಬನಿದ್ದನು. ತಾಳ್ಮೆಯಿಂದ ತಿದ್ದುಪಡಿಗಳನ್ನು ಕಳುಹಿಸಿ ವಿಶ್ವಾಸವನ್ನು ಗಳಿಸಿ, ಕೊನೆಗೆ ಬೀಗದ ಕೈಯನ್ನೇ ಪಡೆದನು. 2024ರ ಮೊದಲಲ್ಲಿ ಹೊರಬಂದ ಎರಡು ಆವೃತ್ತಿಗಳಲ್ಲಿ ಆತನು ಪರರ ಯಂತ್ರಗಳನ್ನು ಹೊಗಲು ಕಳ್ಳಬಾಗಿಲನ್ನು ಅಡಗಿಸಿಟ್ಟಿದ್ದನು. ಛೇಡಿಸಿದವರೂ ಆ ಕೂಟದವರೇ ಆಗಿದ್ದರೆಂಬ ಬಲವಾದ ಶಂಕೆಯಿದೆ. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರನು ತನ್ನ ಡೆಬಿಯನ್ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುವುದನ್ನು ಗಮನಿಸಿ, ಅದರ ಬೆನ್ನುಹತ್ತಿ, ಮಾರ್ಚ್ 29ರಂದು ಸಕಲವನ್ನೂ ಬಯಲಿಗಿಟ್ಟನು. ಅರ್ಧ ಸೆಕೆಂಡಿನ ವಿಳಂಬವೆಂಬ ದೂರು ಯಾವ ದಫ್ತರಕ್ಕೆ ಬಂದಿದ್ದರೂ ಏಳು ಮೆಟ್ಟಲುಗಳಲ್ಲಿ ಕೆಳಗಿನದಕ್ಕೇ ಹೋಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಕರಿಗೋಟಿನ ರಾಶಿಗೆ ಎಸೆದುದನ್ನು ಮತ್ತೊಮ್ಮೆ ಕೈಯಲ್ಲಿ ಹಿಡಿದು ನೋಡುವವನೊಬ್ಬನು ಅಂದು ದೈವವಶದಿಂದ ಒದಗಿದನು. ಬಳಲಿದ ಕಾಲಿನನೇ ಬಳಿಕ ಕುಳಿತು ತನ್ನ ತಂತ್ರಾಂಶವನ್ನು ಶುದ್ಧಗೊಳಿಸಿದನು.

ಅದೇ ವರ್ಷದ ಸಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಯು ಹೊರಬಂದಿತು. ತುಳು-ತಿಗಳಾರಿ ಲಿಪಿಗೆ ಅದರಲ್ಲಿ ಸ್ಥಾನ ದೊರೆಯಿತು. ಕೋಡಿಂಬಾಳದ ಮನೆಗಳಲ್ಲಿ ಆಡುವ ತುಳುವನ್ನು ಅದುವರೆಗೆ ಕನ್ನಡದ ಅಕ್ಷರಗಳಲ್ಲಿಯೇ ಬರೆಯುತ್ತಿದ್ದುದು, ಬಹುಮಟ್ಟಿಗೆ ಈಗಲೂ ಬರೆಯುತ್ತಿರುವುದು; ಪದದ ಕೊನೆಯಲ್ಲಿ ಅರೆಯಾಗಿ ಕೇಳುವ ಉಕಾರಕ್ಕೆ ಒಬ್ಬರು ಅರ್ಧಚಿಹ್ನೆಯನ್ನೂ ಒಬ್ಬರು ಕೊಂಬನ್ನೂ ಹಾಕುವರು. ಹಳೆಯ ಮಠಗಳ ಓಲೆಗರಿಗಳಲ್ಲಿ ಮಲಗಿದ್ದ ಲಿಪಿಯ ಒಂದೊಂದಕ್ಷರಕ್ಕೂ ಈಗ ಸಂಖ್ಯೆಯೊಂದು ದೊರೆತಿದೆ, ಹೆಸರೊಂದು ದೊರೆತಿದೆ. ಆ ಹೆಸರುಗಳನ್ನೂ ಇನ್ನು ಬದಲಿಸುವಂತಿಲ್ಲ.